ಜಿಮ್ಮಿಗೆ ಹೋಗದೆ, ಆಟ, ಕೋಲಾಟ, ಮನೆಯ ಓಡಾಟದಿಂದಲೇ ಮೈ ಗಟ್ಟಿಯಾಗಿ ಇಟ್ಟುಕೊಳ್ಳಲು ಆಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ವಯಸ್ಸು 44, ದಾವಣಗೆರೆಯಲ್ಲಿ ದಿನವಿಡೀ ಕುಳಿತು ಮಾಡುವ ಲೆಕ್ಕಪತ್ರದ ಕೆಲಸ, ಎರಡು ಸಲ ಜಿಮ್ಮಿಗೆ ವರ್ಷದ ಹಣ ಕಟ್ಟಿ ಎರಡೂ ಸಲ ಎರಡನೆಯ ತಿಂಗಳಿಗೇ ಬಿಟ್ಟಿದ್ದೀರಿ, ಈಗ ಆಟ, ಕುಣಿತ, ದಿನನಿತ್ಯದ ಓಡಾಟ ಇವಿಷ್ಟೇ ಸಾಕಾಗುತ್ತವೆಯೇ, ಎಷ್ಟು ಮಾಡಿದರೆ ಸಾಕು, ತೂಕ ಇಳಿಯುತ್ತದೆಯೇ, ಈ ವಯಸ್ಸಿನಲ್ಲಿ ಮೈದಾನಕ್ಕಿಳಿದರೆ ಜನ ನಗುವುದಿಲ್ಲವೇ ಎಂಬುದು ನಿಮ್ಮ ಅಳುಕು. ನಾನು ಚಿತ್ರದುರ್ಗದವಳು, ವಯಸ್ಸು 51, ನನ್ನದೂ ಮೇಜಿನ ಮುಂದಿನ ಉದ್ಯೋಗವೇ. ವೈದ್ಯಳಲ್ಲ, ತರಬೇತುದಾರಳೂ ಅಲ್ಲ. ಏಳು ವರ್ಷಗಳಿಂದ ಖೋ-ಖೋ, ಕೋಲಾಟ ಮತ್ತು ಕೋಟೆ ಹತ್ತುವುದರಿಂದಲೇ ಮೈಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಆದ್ದರಿಂದ ಸಾಧ್ಯ ಎಂದೇ ಹೇಳುತ್ತೇನೆ. ಆದರೆ ಆಟ ಕೊಡುವುದನ್ನು ಓಡಾಟ ಕೊಡುವುದಿಲ್ಲ, ಓಡಾಟ ಕೊಡುವುದನ್ನು ಕುಣಿತ ಪೂರ್ತಿಯಾಗಿ ಕೊಡುವುದಿಲ್ಲ, ಮತ್ತು ಮೂರೂ ಸೇರಿದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಇದನ್ನು ತಿಳಿಯದೆ ಹೊರಟರೆ ನನಗೆ ಆದದ್ದೇ ನಿಮಗೂ ಆಗಬಹುದು.

ನನಗೆ ಆದದ್ದನ್ನೇ ಮೊದಲು ಹೇಳುತ್ತೇನೆ. ನಿಮ್ಮ ವಯಸ್ಸಿನಲ್ಲಿದ್ದಾಗ ನಮ್ಮ ಬೀದಿಯ ರಾಜ್ಯೋತ್ಸವದ ಆಟೋಟಗಳಲ್ಲಿ ಮಹಿಳೆಯರ ಖೋ-ಖೋಗೆ ಹೆಸರು ಕೊಟ್ಟೆ. ಪ್ರೌಢಶಾಲೆಯಲ್ಲಿ ತಂಡದಲ್ಲಿದ್ದವಳು ನಾನು, ಆಟ ಮರೆತಿರಲಿಲ್ಲ. ಅಂಕಣದ ನಡುಗೆರೆಯ ಚೌಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದವಳಿಗೆ ಮೂರನೆಯ ಬಾರಿ ಬೆನ್ನ ಹಿಂದಿನಿಂದ ‘ಖೋ’ ಬಿತ್ತು. ಎದ್ದು ಮೊದಲ ಹೆಜ್ಜೆ ಒತ್ತುವಷ್ಟರಲ್ಲಿ ಎಡಗಾಲಿನ ಮೀನಖಂಡಕ್ಕೆ ಯಾರೋ ಕಲ್ಲೆಸೆದಂತಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಸ್ನಾಯು ಹರಿದಿತ್ತು. ಆರು ವಾರ ಕುಂಟಿದೆ. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ನನಗೆ ಏದುಸಿರೂ ಬಂದಿರಲಿಲ್ಲ. ಮನಸ್ಸು ಹದಿನಾರರಲ್ಲೇ ಇತ್ತು, ಮೀನಖಂಡ ಮಾತ್ರ ನಲವತ್ನಾಲ್ಕರಲ್ಲಿತ್ತು.

ಇದರ ಕಾರಣ ನನಗೆ ಆಮೇಲೆ ತಿಳಿಯಿತು. ಹೃದಯ, ಶ್ವಾಸಕೋಶಗಳು ಹೊಸ ಶ್ರಮಕ್ಕೆ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆಯಾದ್ದರಿಂದ ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆಟದ ಸೊಗಸಿರುವುದು ಅದರ ದಿಢೀರ್ ಚಲನೆಯಲ್ಲಿ, ಅಪಾಯವಿರುವುದೂ ಅಲ್ಲಿಯೇ. ನಡಿಗೆಯಲ್ಲಿ ವೇಗವನ್ನು ನಾವೇ ಆರಿಸಿಕೊಳ್ಳುತ್ತೇವೆ, ಖೋ-ಖೋದಲ್ಲಿ ಅದನ್ನು ಎದುರಾಳಿ ಆರಿಸುತ್ತಾನೆ. ಹಾಗಾಗಿ ಮತ್ತೆ ಅಂಕಣಕ್ಕೆ ಬರುವ ಮುನ್ನ ಎರಡು ತಿಂಗಳು ಮನೆಯ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನೇ ಮಾಡಿದೆ: ಮೊದಲು ಎರಡೂ ಕಾಲಿನಲ್ಲಿ, ನಂತರ ಒಂದೊಂದೇ ಕಾಲಿನಲ್ಲಿ, ಒಮ್ಮೆ ಮಂಡಿ ನೇರವಾಗಿಟ್ಟು, ಒಮ್ಮೆ ತುಸು ಬಾಗಿಸಿ. ಗೋಡೆಯ ಮೇಲೆ ಕೈಯಿಟ್ಟು ಒಂದೇ ಕಾಲಿನಲ್ಲಿ ಇಪ್ಪತ್ತು ಸಲ ಎತ್ತಲು ಬಂದ ಮೇಲೆಯೇ ಓಡಿದೆ. ನೀವು ಬ್ಯಾಡ್ಮಿಂಟನ್ ಆಡಿ, ಕಬಡ್ಡಿ ಆಡಿ, ಮಕ್ಕಳೊಡನೆ ಲಗೋರಿ ಆಡಿ, ಮೊದಲ ಚೆಂಡು ಮುಟ್ಟುವ ಮುನ್ನ ಈ ಒಂದು ಕೆಲಸವನ್ನು ಮುಗಿಸಿಕೊಳ್ಳಿ ಎಂಬುದು ನನ್ನ ಆಗ್ರಹದ ಮಾತು.

ಈಗ ವಾರಕ್ಕೆ ಎರಡು ಸಂಜೆ, ಏಳೆಂಟು ಹೆಂಗಸರು ಮತ್ತು ಸಿಕ್ಕಷ್ಟು ಮಕ್ಕಳು ಸೇರಿ ಆಡುತ್ತೇವೆ. ಪಂದ್ಯಗಳ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮದು ಅದರ ಅರ್ಧ. ಅಲ್ಲಿ ಬೆನ್ನಟ್ಟುವ ಸರದಿ 9 ನಿಮಿಷ, ನಮ್ಮಲ್ಲಿ 5 ನಿಮಿಷ. ಕಂಬದ ಬಳಿ ಹಾರಿ ಬೀಳುವುದು ಮಕ್ಕಳಿಗೆ ಮಾತ್ರ ಬಿಟ್ಟದ್ದು. ನಿಯಮಗಳನ್ನು ಹೀಗೆ ಸಡಿಲಿಸಿದ್ದಕ್ಕೆ ಶಾಸ್ತ್ರನಿಷ್ಠರು ಬೇಸರಪಡಬಹುದು, ಆದರೆ ಆಟದ ಗುಣ ಕೆಟ್ಟಿಲ್ಲ. ಖೋ-ಖೋದಲ್ಲಿ ಕುಳಿತವರೂ ದುಡಿಯುತ್ತಾರೆ ಎಂಬುದನ್ನು ನೋಡುವವರು ಗಮನಿಸುವುದಿಲ್ಲ. ಕುಕ್ಕರುಗಾಲಿನಿಂದ ಸಿಡಿದೇಳುವುದು, ಹತ್ತಿಪ್ಪತ್ತು ಹೆಜ್ಜೆಗಳ ಬಿರುಸಿನ ಓಟ, ಮತ್ತೆ ಕುಳಿತು ಉಸಿರು ಹಿಡಿಯುವುದು: ದುಬಾರಿ ತರಬೇತಿಗಳಲ್ಲಿ ಗಡಿಯಾರ ಹಿಡಿದು ಮಾಡಿಸುವ ಏರಿಳಿತದ ವ್ಯಾಯಾಮ ಇಲ್ಲಿ ಆಟದ ರೂಪದಲ್ಲೇ ಅಡಗಿದೆ. ಜಿಮ್ಮಿನಲ್ಲಿ ನಿಮ್ಮನ್ನು ಯಾರೂ ಕಾಯುತ್ತಿರಲಿಲ್ಲ. ಇಲ್ಲಿ ಒಬ್ಬರು ಬಾರದಿದ್ದರೆ ಒಂದು ಚೌಕ ಖಾಲಿ ಬೀಳುತ್ತದೆ, ಮನೆಯ ಬಾಗಿಲಿಗೆ ಹುಡುಗರು ಬಂದು ಕೂಗುತ್ತಾರೆ. ನಿಮ್ಮ ಎರಡು ವರ್ಷದ ಶುಲ್ಕ ಮಾಡಲಾಗದ ಕೆಲಸವನ್ನು ಆ ಕೂಗು ಮಾಡುತ್ತದೆ.

ಎಷ್ಟು ಮಾಡಿದರೆ ಸಾಕು ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ಬಿರುಸಿನ ಶ್ರಮ ಬೇಕು, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಇರಬೇಕು. ಮಾತಾಡಲು ಬರುತ್ತದೆ, ಆದರೆ ಹಾಡಲು ಉಸಿರು ಸಾಲದು ಎನ್ನುವಂತಿದ್ದರೆ ಅದು ಮಧ್ಯಮ ಶ್ರಮ. ಈ ಅಳತೆಗೋಲು ನನಗೆ ಇಷ್ಟವಾದದ್ದು ಕೋಲಾಟದಿಂದಾಗಿ. ಗುಡಿಯ ಅಂಗಳದಲ್ಲಿ ವಾರಕ್ಕೆ ಮೂರು ಸಂಜೆ ಮುಕ್ಕಾಲು ಗಂಟೆ ಕೋಲು ಹಾಕುತ್ತೇವೆ. ಮೊದಲ ಕೋಪುಗಳಲ್ಲಿ (ಕೋಲಾಟದ ಸುತ್ತುಗಳಲ್ಲಿ) ಎಲ್ಲರೂ ಹಾಡುತ್ತಿರುತ್ತೇವೆ, ಅಂದರೆ ಅದು ಇನ್ನೂ ಹಗುರ. ಗತಿ ಏರುತ್ತಾ ಬಂದಂತೆ ಒಬ್ಬೊಬ್ಬರ ದನಿಯೂ ಹಿಂದೆ ಸರಿಯುತ್ತದೆ; ಕೊನೆಗೆ ನಡುವೆ ನಿಂತು ತಾಳ ಹಾಕುವ ಅಜ್ಜಿಯೊಬ್ಬರ ಹಾಡು ಮತ್ತು ನಮ್ಮ ಕೋಲಿನ ಸದ್ದು ಮಾತ್ರ ಉಳಿಯುತ್ತದೆ. ಆ ಘಟ್ಟದಿಂದ ಮುಂದಿನ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಕೈಗಡಿಯಾರದ ಯಂತ್ರ ಬೇಕಾಗಿಲ್ಲ.

ಕೋಲಾಟದ ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹೆಜ್ಜೆಗಳಿಂದಲೇ ಹೆಣೆದು, ಅದೇ ಕ್ರಮದಲ್ಲಿ ಹಿಂದಕ್ಕೆ ಬಿಚ್ಚಬೇಕು. ಒಬ್ಬರು ತಪ್ಪಿದರೆ ಎಲ್ಲರ ಜಡೆಯೂ ಸಿಕ್ಕಾಗುತ್ತದೆ. ಯಾರ ಒಳಗೆ ನುಸುಳಬೇಕು, ಯಾರ ಹೊರಗೆ ಸುತ್ತಬೇಕು ಎಂಬುದನ್ನು ನೆನಪಿಟ್ಟುಕೊಂಡೇ ಒಂದು ಕಾಲಿನ ಮೇಲೆ ತಿರುಗಬೇಕಾದ್ದರಿಂದ ಸಮತೋಲನ ಮತ್ತು ಜ್ಞಾಪಕ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು 75 ವರ್ಷ ದಾಟಿದ 469 ಮಂದಿಯನ್ನು ಹಲವು ವರ್ಷ ಗಮನಿಸಿದಾಗ, ದೈಹಿಕ ಚಟುವಟಿಕೆಗಳ ಪೈಕಿ ನೃತ್ಯವೊಂದೇ ಮರೆವಿನ ಕಾಯಿಲೆಯ ಕಡಿಮೆ ಅಪಾಯದೊಂದಿಗೆ ಸೇರಿಕೊಂಡಿತ್ತು. ನೃತ್ಯದಿಂದಲೇ ಹಾಗಾಯಿತು ಎನ್ನಲು ಇದು ಸಾಲದು. ಮೊದಲೇ ಚುರುಕಾಗಿದ್ದವರೇ ಕುಣಿಯಲು ಹೋಗಿರಬಹುದಲ್ಲ.

ಇನ್ನು ದಿನನಿತ್ಯದ ಓಡಾಟ. ಇದರ ಬಗ್ಗೆ ಜನರಲ್ಲಿ ಎರಡು ವಿರುದ್ಧ ಭ್ರಮೆಗಳಿವೆ. ಅದರಿಂದ ಏನೂ ಆಗದು ಎನ್ನುವವರಿಗೆ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಅವರ ಅಧ್ಯಯನವನ್ನು ನೆನಪಿಸಬೇಕು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಅವರು 1953ರಲ್ಲಿ ತೋರಿಸಿದರು. ಅವರ ಪ್ರಾಮಾಣಿಕತೆ ಎಷ್ಟೆಂದರೆ, ಮುಂದೆ 1956ರಲ್ಲಿ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆ ತೆಗೆಸಿ, ಚಾಲಕರು ಮೊದಲಿನಿಂದಲೂ ತುಸು ದಪ್ಪಗಿದ್ದವರು ಎಂಬುದನ್ನೂ ತಾವೇ ಪ್ರಕಟಿಸಿದರು. ಆದರೂ ಚಲನೆಯ ಪಾಲನ್ನು ನಂತರದ ಎಷ್ಟೋ ಸಂಶೋಧನೆಗಳು ಎತ್ತಿ ಹಿಡಿದಿವೆ. ಇನ್ನೊಂದು ಸಂಗತಿ: ಕನಿಷ್ಠ 10 ನಿಮಿಷ ಸತತವಾಗಿ ಮಾಡಿದರೆ ಮಾತ್ರ ಲೆಕ್ಕ ಎಂದು 2010ರ ಮಾರ್ಗಸೂಚಿಯಲ್ಲಿದ್ದ ಷರತ್ತನ್ನು 2020ರಲ್ಲಿ ತೆಗೆದುಹಾಕಲಾಯಿತು. ಕಚೇರಿಯ ಎರಡು ಮಹಡಿ ಹತ್ತಿದ್ದೂ, ಮಾರುಕಟ್ಟೆಯಿಂದ ಚೀಲ ಹೊತ್ತು ಬಂದದ್ದೂ ಈಗ ಜಮೆಯಾಗುತ್ತದೆ.

ಎರಡನೆಯ ಭ್ರಮೆ ಮನೆಗೆಲಸವೇ ವ್ಯಾಯಾಮ ಎನ್ನುವುದು. ಹೀಗೆ ಹೇಳುವವರಲ್ಲಿ ಆ ಕೆಲಸ ಮಾಡುವವರು ಕಡಿಮೆ. ನನ್ನ ಅತ್ತೆ ಬೀಸುವ ಕಲ್ಲು, ಒರಳುಕಲ್ಲು, ಬಾವಿಯ ಹಗ್ಗ ಇವುಗಳೊಡನೆ ದಿನ ಕಳೆದವರು. ನನ್ನ ಅಡುಗೆಮನೆಯಲ್ಲಿ ಮಿಕ್ಸಿಯಿದೆ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ. ಒಲೆಯ ಮುಂದೆ ಎರಡು ಗಂಟೆ ನಿಂತರೆ ಕಾಲು ನೋಯುತ್ತದೆ, ದಣಿವಾಗುತ್ತದೆ, ಆದರೆ ಉಸಿರು ಏರುವುದಿಲ್ಲ. ದಣಿವು ಬೇರೆ, ಶ್ರಮ ಬೇರೆ. ಕಚೇರಿಯ ದಿನವೊಂದರಲ್ಲಿ ನನ್ನ ಮೊಬೈಲು ತೋರಿಸಿದ್ದು 2,400 ಹೆಜ್ಜೆ. ಇಡೀ ದಿನ ಪುರುಸೊತ್ತಿಲ್ಲದೆ ಓಡಾಡಿದೆ ಎಂದು ಅಂದು ರಾತ್ರಿ ಮನೆಯವರ ಮುಂದೆ ಹೇಳಿಕೊಂಡಿದ್ದೆ. (ಹತ್ತು ಸಾವಿರ ಹೆಜ್ಜೆಯ ಗುರಿಗೆ ಹೆದರಬೇಡಿ. ಆ ಸಂಖ್ಯೆ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ.)

ಮನೆಯೊಳಗೆ ನಿಜಕ್ಕೂ ಬೆಲೆಯುಳ್ಳದ್ದು ನೆಲದ ಮೇಲೆ ಕೂತು ಏಳುವುದು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾಜೊ ಇದಕ್ಕೆ ಹತ್ತು ಅಂಕಗಳ ಪರೀಕ್ಷೆಯನ್ನೇ ರೂಪಿಸಿದ್ದಾರೆ: ಕೂರಲು ಐದು, ಏಳಲು ಐದು, ಕೈ, ಮೊಣಕೈ ಅಥವಾ ಮಂಡಿ ಊರಿದ ಪ್ರತಿ ಸಲಕ್ಕೂ ಒಂದು ಅಂಕ, ತೂರಾಡಿದರೆ ಅರ್ಧ ಅಂಕ ಕಳೆಯುತ್ತದೆ. ನಾನು ಮೊದಲ ಸಲ ಪಡೆದದ್ದು ಆರೂವರೆ. ಅಂದಿನಿಂದ ರಾತ್ರಿಯ ಊಟವನ್ನು ಊಟದ ಮೇಜು ಬಿಟ್ಟು ಚಾಪೆಯ ಮೇಲೆ ಮಾಡುತ್ತೇವೆ. ಮಂಡಿ ಸವೆದವರು ಇದನ್ನು ಹಟದಿಂದ ಮಾಡಬಾರದು.

ಭಾನುವಾರ ಬೆಳಿಗ್ಗೆ ಕೋಟೆ. ಆನೆಗಳ ಓಟ ಮುರಿಯಲೆಂದು ತಿರುವು ತಿರುವಾಗಿ ಕಟ್ಟಿದ ಏಳು ಸುತ್ತಿನ ಬಾಗಿಲುಗಳು ನನ್ನ ವೇಗವನ್ನೂ ಮುರಿಯುತ್ತವೆ. ಏಕನಾಥೇಶ್ವರಿಯ ಗುಡಿ ತಲುಪುವಷ್ಟರಲ್ಲಿ ಮಾತು ತುಂಡು ತುಂಡಾಗಿರುತ್ತದೆ. ಅಲ್ಲಿಂದ ಅಕ್ಕ-ತಂಗಿ ಹೊಂಡದ ಕಡೆ ನಡೆದು ಒಂದೂವರೆ ಗಂಟೆಯಲ್ಲಿ ಕೆಳಗಿಳಿಯುತ್ತೇನೆ. ಬಂಡೆಯಲ್ಲಿ ಕೊರೆದ ಗುಳಿಗಳಿಗೆ ಕಾಲಿಟ್ಟು ತುಪ್ಪದ ಕೊಳಕ್ಕೆ ಹತ್ತುವ ಸಾಹಸವನ್ನು ನಾನು ಬಿಟ್ಟಿದ್ದೇನೆ, ನೀವೂ ಮೊದಲ ಸಲಕ್ಕೆ ಬಿಡಿ. ಹತ್ತುವಾಗ ಎದೆ ಬಡಿದುಕೊಂಡರೂ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು, ಅದರ ನಾರುಗಳಲ್ಲಿ ಸೂಕ್ಷ್ಮವಾದ ಬಿರುಕುಗಳಾಗುತ್ತವೆ. ಒಂದೆರಡು ದಿನ ಮೆಟ್ಟಿಲು ಇಳಿಯುವಾಗ ಅದು ನೆನಪಿಸುತ್ತದೆ. ಎರಡನೆಯ ವಾರಕ್ಕೆ ಅದೇ ಇಳಿಜಾರು ಅಷ್ಟು ನೋಯಿಸುವುದಿಲ್ಲ.

ಈ ಎಲ್ಲದರಲ್ಲೂ ಉಳಿದುಬಿಡುವ ಕೊರತೆ ಎಂದೆನಲ್ಲ, ಅದು ತೋಳು, ಭುಜ, ಬೆನ್ನಿನ ಬಲ. ಖೋ-ಖೋ, ಕೋಲಾಟ, ಕೋಟೆ ಮೂರೂ ಕಾಲಿನ ಕೆಲಸಗಳು. ಇದಕ್ಕೆ ನಿಮ್ಮ ಊರಿನಲ್ಲಿ ಹಳೆಯ ಉತ್ತರವೇ ಇದೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ದಂಡ, ಬಸ್ಕಿ ಹೊಸ ಪದಗಳಲ್ಲ. ನೆಲದ ಮೇಲೆ ದಂಡ ಹೊಡೆಯಲಾಗದಿದ್ದರೆ ಗೋಡೆಗೆ ಕೈಯಿಟ್ಟು ಆರಂಭಿಸಿ, ಆಮೇಲೆ ಕಟ್ಟೆಗೆ, ಕೊನೆಗೆ ನೆಲಕ್ಕೆ ಬನ್ನಿ. ನನ್ನ ಪಾಲಿನ ಗರಡಿ ಶುದ್ಧ ನೀರಿನ ಘಟಕ. ನಮ್ಮ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಇರುವುದರಿಂದ ಕುಡಿಯುವ ನೀರನ್ನು ಅಲ್ಲಿಂದಲೇ ತರಬೇಕು. ತುಂಬಿದ 20 ಲೀಟರಿನ ಕ್ಯಾನೆಂದರೆ 20 ಕಿಲೋ ತೂಕ. ಮೊದಲು ಅರ್ಧ ಕ್ಯಾನು ಹೊರುತ್ತಿದ್ದೆ. ಈಗ ಪೂರ್ತಿ ಕ್ಯಾನನ್ನು, ಬೆನ್ನು ನೇರವಾಗಿಟ್ಟು ಮಂಡಿ ಮಡಿಸಿ ಎತ್ತಿ, ಬಲಗೈಗೊಮ್ಮೆ ಎಡಗೈಗೊಮ್ಮೆ ಬದಲಿಸುತ್ತಾ ಮೊದಲ ಮಹಡಿಗೆ ಒಯ್ಯುತ್ತೇನೆ. ಮಗ ಬೈಕಿನಲ್ಲಿ ತಂದುಕೊಡುತ್ತೇನೆ ಎಂದರೆ ಬೇಡ ಎನ್ನುವ ತಾಯಿ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ತೂಕದ ವಿಷಯವನ್ನೂ ಕೇಳಿದ್ದೀರಿ. ಇದರಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. 65 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲರಿ. ಬೆಣ್ಣೆದೋಸೆಯ ಊರಿನವರಿಗೆ ಮುಂದಿನ ಲೆಕ್ಕವನ್ನು ನಾನು ಹೇಳಬೇಕಾಗಿಲ್ಲ. ನನ್ನ ತೂಕ ಏಳು ವರ್ಷದಲ್ಲಿ ಮೂರು ಕಿಲೋ ಇಳಿದಿದೆ, ಅಷ್ಟೇ. ಬದಲಾದದ್ದು ನಿದ್ದೆ, ಮಂಡಿಯ ಬಿಗಿತ ಮತ್ತು ಮೆಟ್ಟಿಲು ಹತ್ತುವಾಗಿನ ಉಸಿರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ನಡೆದಾಗ ಎದೆ ಹಿಡಿದಂತಾಗುವುದು ಇದ್ದರೆ ಬಿರುಸಿನ ಆಟಕ್ಕೆ ಮುನ್ನ ವೈದ್ಯರನ್ನು ಕಾಣಿರಿ.

ಜನ ನಗುತ್ತಾರೆಯೇ? ನಗುತ್ತಾರೆ. ಏಳು ವರ್ಷವಾದರೂ ನಿಂತಿಲ್ಲ, ಎಲ್ಲರಿಗಿಂತ ಹೆಚ್ಚು ನಗುವವರು ನಮ್ಮ ತಂಡದ ಮಕ್ಕಳೇ. ಅದನ್ನು ಸಹಿಸಲು ಕಷ್ಟವೆನಿಸಿದರೆ ಮೊದಲ ತಿಂಗಳು ಬೆಳಿಗ್ಗೆ ಕುಂದವಾಡ ಕೆರೆಯ ದಂಡೆಯಲ್ಲಿ ನಡೆಯಿರಿ, ಮನೆಯಲ್ಲಿ ಹಿಮ್ಮಡಿ ಎತ್ತುವುದನ್ನೂ ಗೋಡೆದಂಡವನ್ನೂ ಮಾಡಿರಿ, ಅಲ್ಲಿ ದಿನವೂ ಕಾಣುವವರಲ್ಲಿ ಬ್ಯಾಡ್ಮಿಂಟನ್ನಿಗೋ ಕೋಲಾಟಕ್ಕೋ ಬರಬಲ್ಲ ಮೂರು ಜನರನ್ನು ಗುರುತಿಸಿಕೊಳ್ಳಿರಿ. ಮಾರ್ಚಿನಿಂದ ಮೇವರೆಗೆ ನಮ್ಮ ಬಿಸಿಲಿನಲ್ಲಿ ಎಂಟು ಗಂಟೆಯ ನಂತರ ಓಡುವ ಆಟ ಬೇಡ. ಮೈದಾನಕ್ಕೆ ಇಳಿಯುವ ದಿನ ಹತ್ತು ನಿಮಿಷ ಮೊದಲೇ ಹೋಗಿ ಮೈ ಬಿಸಿ ಮಾಡಿಕೊಳ್ಳಿ, ಮತ್ತು ಎಷ್ಟೇ ಒತ್ತಾಯ ಮಾಡಿದರೂ ಆ ದಿನ ಪಂದ್ಯ ಆಡಬೇಡಿ.