ದಪ್ಪ ಪ್ಯಾಡ್‌ಗಿಂತ ಮೈಗೆ ಸರಿಯಾಗಿ ಕೂರುವುದು ಮುಖ್ಯ

ನಮಸ್ಕಾರ. ಉಡುಪಿಯಿಂದ ಆಗುಂಬೆಗೆ ಸೈಕಲ್ಲಿನಲ್ಲಿ ಹೋಗಿ ಬರುವಾಗ 60 ಕಿ.ಮೀ. ದಾಟುತ್ತಲೇ ತೊಡೆಸಂದು ಉರಿಯುತ್ತದೆ, ಕೂರುವ ಜಾಗದಲ್ಲಿ ಇನ್ನೂ ದಪ್ಪ ಪ್ಯಾಡ್ (ಮೆತ್ತೆ) ಇರುವ ಸೈಕಲ್ ಶಾರ್ಟ್ಸ್ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ದಪ್ಪವೊಂದನ್ನೇ ನೋಡಿ ಕೊಳ್ಳಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ದಪ್ಪ ಸ್ಪಂಜು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ; ಒದ್ದೆ ಚರ್ಮ ಬೇಗ ತರಚುತ್ತದೆ. ಅಂಗಡಿಯಲ್ಲಿ ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ: ಬೆರಳು ಸಲೀಸಾಗಿ ತಳ ಮುಟ್ಟಿದರೆ ಅದು ಬೇಡ, ಕೂರುವ ಎಲುಬುಗಳು ಬರುವಲ್ಲಿ ಗಟ್ಟಿಯಾಗಿದ್ದು, ಅಂಚಿಗೆ ಹೋದಂತೆ ತೆಳುವಾಗುವಂಥದ್ದು ನಿಮಗೆ ಬೇಕಾದದ್ದು. ಹಾಕಿಕೊಂಡು, ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಿ. ನಿಂತಾಗ ತುಸು ಬಿಗಿ ಎನಿಸಿದರೂ ಬಾಗಿದಾಗ ಎಲ್ಲಿಯೂ ನೆರಿಗೆ ಬೀಳದೆ ಕೂರಬೇಕು. ಸೊಂಟದ ಇಲಾಸ್ಟಿಕ್ ಹೊಟ್ಟೆಯನ್ನು ಒತ್ತುವುದಾದರೆ ಹೆಗಲಪಟ್ಟಿಯಿರುವ ಬಿಬ್ ಶಾರ್ಟ್ಸ್ ಒಳ್ಳೆಯದು.

ಈ ಶಾರ್ಟ್ಸ್‌ನೊಳಗೆ ಒಳಚಡ್ಡಿಯನ್ನಂತೂ ಹಾಕಲೇಬೇಡಿ. ಮೊದಲ ವರ್ಷ ಅದೇ ದಾರಿಯಲ್ಲಿ ಸಿಗುವ ಹೆಬ್ರಿ ತಲುಪುವಷ್ಟರಲ್ಲಿ ನನಗೆ ಗಾಯವಾಗುತ್ತಿದ್ದುದು ಅದರ ಹೊಲಿಗೆಯಿಂದಲೇ. ಹೊರಡುವ ಮೊದಲು ಉಜ್ಜುವ ಜಾಗಕ್ಕೆ ಶಾಮ್ವಾ ಕ್ರೀಮ್ (ಚರ್ಮ ತರಚದಂತೆ ಸೈಕಲ್ ಸವಾರರು ಹಚ್ಚುವ ಜಾರುವ ಕ್ರೀಮ್) ಹಚ್ಚಿಕೊಳ್ಳಿ. ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗದ ಕಾರಣ ಎರಡು ಶಾರ್ಟ್ಸ್ ಇಟ್ಟುಕೊಂಡು, ಪ್ರತಿ ಸವಾರಿಯ ನಂತರ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಫ್ಯಾನಿನಡಿ ಒಣಗಿಸಿ.