ಬಿಡುವಿನ ಪಾಠ ಗಿರಣಿಯಿಂದ ಶುರುವಾಗಲಿ

ಓದುಗರ ಪತ್ರದ ಸಾರ: ನಾನು ಧಾರವಾಡ ಕಡೆಯವಳು. ಈಗ ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ವಿಕ್ಟೋರಿಯಾ ರಾಣಿಯ ಕಾಲದ ಜನ ಬಿಡುವಿನಲ್ಲಿ ಏನು ಮಾಡುತ್ತಿದ್ದರು ಎಂಬ ಪಾಠವನ್ನು ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಮಾಡಬೇಕಿದೆ. ಮುಟ್ಟಿ, ಮೂಸಿ, ಕೇಳಿ, ರುಚಿ ನೋಡಿ ಕಲಿಯಲಿ ಅಂತ ಐದು ಮೇಜು ಸಿದ್ಧ ಮಾಡಿದ್ದೇನೆ: ಲ್ಯಾವೆಂಡರ್ ಚೀಲ, ಬುಗುರಿ-ಗೋಲಿ, ಪಿಯಾನೋ ಸಂಗೀತ, ಶುಂಠಿ ಬಿಸ್ಕೆಟ್, ಕಸೂತಿ ಬಟ್ಟೆ. ‘ಮಕ್ಕಳಿಗೆ ಖುಷಿಯಾಗುತ್ತೆ ಸರಿ, ಕಲಿಯೋದೇನು?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ನೀವೇನು ಹೇಳುತ್ತೀರಿ?

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ನಿಮ್ಮ ಸಹೋದ್ಯೋಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಹಾಗಂತ ಅದಕ್ಕೆ ಹೆದರಿ ಮೇಜುಗಳನ್ನು ಎತ್ತಿಡಬೇಡಿ. ಆ ವಯಸ್ಸಿನ ಮಕ್ಕಳಿಗೆ 1850 ಅನ್ನುವುದು ಬರೀ ಒಂದು ಸಂಖ್ಯೆ. ಕೈಗೆ ಏನಾದರೂ ಸಿಕ್ಕಾಗ ಮಾತ್ರ ಅದು ಒಂದು ಕಾಲವಾಗುತ್ತದೆ. ಆದರೆ ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬುಗುರಿ-ಗೋಲಿ ಬಿಟ್ಟರೆ ಉಳಿದದ್ದೆಲ್ಲ ಅನುಕೂಲಸ್ಥರ ಮನೆಯ ಹಜಾರದಿಂದ ಎದ್ದು ಬಂದಂತಿದೆ. ಆ ಮನೆಯ ಹೆಂಗಸರಿಗೆ ಮಧ್ಯಾಹ್ನ ಹೇಗೆ ಕಳೆಯಬೇಕು ಅನ್ನುವುದೇ ಚಿಂತೆ. ನೀವು ಪಾಠ ಮಾಡುವ ಸೀಮೆಯಲ್ಲಿ ಆಗ ಬಹಳಷ್ಟು ಜನ ಹತ್ತಿ ಗಿರಣಿಯವರು. ಅವರ ಬಿಡುವು ಗಂಟೆ ಬಾರಿಸಿದ ಮೇಲೆ ಶುರುವಾಗಿ, ಇನ್ನೊಂದು ಗಂಟೆಗೆ ಮುಗಿಯುತ್ತಿತ್ತು. ದುಡಿಮೆಯ ಸದ್ದು ಕೇಳದ ಮಗುವಿಗೆ ಬಿಡುವು ಏನೆಂದು ಹೇಗೆ ಗೊತ್ತಾಗಬೇಕು?

ಹಾಗಾಗಿ ನನ್ನ ಸಲಹೆ ಇಷ್ಟೇ. ಮೊದಲ ಮೇಜಿನ ಮೇಲೆ ಆಟಿಕೆ ಇಡಬೇಡಿ, ಗಿರಣಿ ಇಡಿ.

ಮಗ್ಗಗಳ ಸದ್ದನ್ನು ಕೇಳಿಸಿ. ಬರ್ನ್‌ಲಿ ಊರಿನ ಕ್ವೀನ್ ಸ್ಟ್ರೀಟ್ ಮಿಲ್‌ನಲ್ಲಿ ಉಗಿಯಿಂದ ನಡೆಯುತ್ತಿದ್ದ ನೂರಾರು ಮಗ್ಗಗಳು ಇನ್ನೂ ಇವೆ. ಕರೆದುಕೊಂಡು ಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗದಿದ್ದರೆ ರೆಕಾರ್ಡಿಂಗ್ ಸಾಕು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ನೇಕಾರ ಹೆಂಗಸರು ತುಟಿಯನ್ನು ದೊಡ್ಡದಾಗಿ ಆಡಿಸಿ, ಕೈಸನ್ನೆ ಸೇರಿಸಿ ಮಾತಾಡಿಕೊಳ್ಳುತ್ತಿದ್ದರು. ಲ್ಯಾಂಕಷೈರ್‌ನಲ್ಲಿ ಅದನ್ನು ಮೀ-ಮಾ ಎನ್ನುತ್ತಿದ್ದರು. ಸದ್ದು ಹಾಕಿ, ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ‘ಶನಿವಾರ ಎಲ್ಲಿಗೆ ಹೋಗೋಣ?’ ಎಂದು ದನಿಯಿಲ್ಲದೆ ಕೇಳಲು ಹೇಳಿ. ಐದು ನಿಮಿಷ ಮಾಡಿಸಿ. (ಸದ್ದಿಗೆ ಬೆದರುವ ಮಕ್ಕಳಿದ್ದರೆ ಅವರನ್ನು ದೂರ ಕೂರಿಸಿ, ಮೊದಲೇ ಹೇಳಿಡಿ.) ಅದು ಮುಗಿದ ಮೇಲೆ ಇನ್ನೊಂದು ಸಂಗತಿ ತಿಳಿಸಿ. 1844ರ ಕಾನೂನಿನ ಪ್ರಕಾರ ಎಂಟು ವರ್ಷದ ಮಗು ಅರ್ಧ ದಿನ ಗಿರಣಿಯಲ್ಲಿ, ಅರ್ಧ ದಿನ ಶಾಲೆಯಲ್ಲಿ ಇರಬಹುದಿತ್ತು. ನಿಮ್ಮ ತರಗತಿಯ ಮಕ್ಕಳು ಆಗ ಹುಟ್ಟಿದ್ದರೆ ಆ ಸದ್ದಿನೊಳಗೇ ಇರುತ್ತಿದ್ದರು.

ಈಗ ಸದ್ದು ನಿಲ್ಲಿಸಿ, ಗಂಟೆ ಬಾರಿಸಿ. 1850ರ ಕಾಯಿದೆ ಬಟ್ಟೆ ಗಿರಣಿಗಳ ಹೆಂಗಸರು ಮತ್ತು ಹದಿಹರೆಯದವರ ಶನಿವಾರದ ಕೆಲಸವನ್ನು ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು. ಅವರಿಲ್ಲದೆ ಗಿರಣಿ ನಡೆಯುತ್ತಿರಲಿಲ್ಲ. ಹಾಗಾಗಿ ಗಂಡಸರಿಗೂ ಬಿಡುಗಡೆ ಸಿಕ್ಕಿತು. ಇಂಗ್ಲೆಂಡಿನ ಬಿಡುವಿನ ಇತಿಹಾಸದಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಧ್ಯಾಹ್ನ ಇನ್ನೊಂದಿಲ್ಲ. ಫುಟ್‌ಬಾಲ್ ಪಂದ್ಯ ಶನಿವಾರ ಮೂರಕ್ಕೆ ಶುರುವಾಗುವ ರೂಢಿ ಬೆಳೆದದ್ದು ಈ ಅರ್ಧ ರಜೆಯಿಂದ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ತಂಡಗಳಲ್ಲಿ 6 ಆಗಿನ ಲ್ಯಾಂಕಷೈರ್‌ನವು. ಪ್ರೆಸ್ಟನ್, ಬೋಲ್ಟನ್, ಬರ್ನ್‌ಲಿ, ಬ್ಲ್ಯಾಕ್‌ಬರ್ನ್ ಅಂದರೆ ನಿಮ್ಮ ಮಕ್ಕಳು ಕಣ್ಣರಳಿಸುತ್ತಾರೆ ನೋಡಿ. ಅವರಲ್ಲಿ ಎಷ್ಟೋ ಮಂದಿ ಆ ತಂಡಗಳ ಅಂಗಿಯನ್ನೇ ತೊಟ್ಟು ಆಡುವವರು.

ಎರಡನೇ ಮೇಜಿನಲ್ಲಿ ದುಡ್ಡು ಇರಲಿ. ವಿಕ್ಟೋರಿಯಾ ಕಾಲದ ಸವೆದ ಪೆನ್ನಿಗಳು ಹಳೆ ನಾಣ್ಯದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಈಗಿನ ಪೆನ್ನಿಗಿಂತ ಎಷ್ಟೋ ದೊಡ್ಡವು, ಭಾರದವು. ಮಗುವಿನ ಅಂಗೈಯಲ್ಲಿ ಮೂರು ಇಡಿ, ಕಣ್ಣು ಮುಚ್ಚಿ ಬೆರಳಾಡಿಸಲಿ. ರಾಣಿಯ ಮುಖ ಎಷ್ಟು ಕೈಗಳಲ್ಲಿ ಸವೆದಿದೆ ಎಂದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಎಲ್ಲಕ್ಕೂ ಬೆಲೆ ಚೀಟಿ ಅಂಟಿಸಿ. ಫುಟ್‌ಬಾಲ್ ಮೈದಾನಕ್ಕೆ ದೊಡ್ಡವರಿಗೆ ಸಾಮಾನ್ಯವಾಗಿ ಆರು ಪೆನ್ನಿ. ಬೀದಿಯ ಸುಟ್ಟ ಆಲೂಗಡ್ಡೆಗೆ ಅರ್ಧ ಪೆನ್ನಿ.

ಈ ಆಲೂಗಡ್ಡೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಲಂಡನ್ನಿನ ಬೀದಿ ವ್ಯಾಪಾರಿಗಳನ್ನು ಮಾತಾಡಿಸಿ ಬರೆದಿಟ್ಟ ಪತ್ರಕರ್ತ ಹೆನ್ರಿ ಮೇಹ್ಯೂ, ಚಳಿಯಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳಲೂ ಜನ ಇದನ್ನು ಕೊಳ್ಳುತ್ತಿದ್ದರು ಎಂದು ದಾಖಲಿಸಿದ್ದಾನೆ. ಶಾಲೆಯ ಅಡುಗೆಮನೆಯಲ್ಲಿ ಸಣ್ಣ ಆಲೂಗಡ್ಡೆ ಬೇಯಿಸಿ, ಕೈ ಸುಡದಷ್ಟು ಆರಿಸಿ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕೊಡಿ. ಮೊದಲು ಹಿಡಿದುಕೊಳ್ಳಲಿ, ಆಮೇಲೆ ತಿನ್ನಲಿ. ಅರ್ಧ ಪೆನ್ನಿಗೆ ಎರಡು ಸುಖ. ಶುಂಠಿ ಬಿಸ್ಕೆಟ್ ಇದನ್ನು ಕಲಿಸುವುದಿಲ್ಲ.

ಬುಗುರಿ-ಗೋಲಿ ಹಾಗೇ ಇರಲಿ, ಅವು ಬೀದಿ ಮಕ್ಕಳವೂ ಹೌದು. ಅದರ ಜೊತೆಗೆ ಥಾಮಟ್ರೋಪ್ ಮಾಡಿಸಿ. ರಟ್ಟಿನ ಬಿಲ್ಲೆಯ ಒಂದು ಬದಿಗೆ ಹಕ್ಕಿ, ಇನ್ನೊಂದು ಬದಿಗೆ ತಲೆಕೆಳಗಾಗಿ ಪಂಜರ ಬರೆದು, ಎರಡೂ ಪಕ್ಕಕ್ಕೆ ದಾರ ಕಟ್ಟಿ ಹುರಿ ಮಾಡಿ ತಿರುಗಿಸಿದರೆ ಹಕ್ಕಿ ಪಂಜರದೊಳಗೆ ಕೂತಂತೆ ಕಾಣುತ್ತದೆ. ಖರ್ಚು ಏನೂ ಇಲ್ಲ. ಲ್ಯಾವೆಂಡರ್ ಚೀಲ ಬೇಕೇ ಬೇಕೆಂದರೆ ಅದರ ಪಕ್ಕದಲ್ಲಿ ಕಿತ್ತಳೆ ಸಿಪ್ಪೆ ಇಡಿ. ನಾಟಕಶಾಲೆಗಳ ಅಗ್ಗದ ಸೀಟಿನ ವಾಸನೆ ಅದು. ಯಾವುದು ಯಾರದು ಎಂದು ಮಕ್ಕಳೇ ಊಹಿಸಲಿ.

ಇನ್ನು ಕಡಲು. ಬ್ಲ್ಯಾಕ್‌ಪೂಲ್‌ಗೆ ರೈಲು ಬಂದದ್ದು 1846ರಲ್ಲಿ. ಬೇಸಿಗೆಯಲ್ಲಿ ಒಂದೊಂದು ಊರಿನ ಗಿರಣಿಗಳು ಒಂದೊಂದು ವಾರ ಬಾಗಿಲು ಹಾಕುತ್ತಿದ್ದವು, ಆ ವಾರ ಊರಿಗೆ ಊರೇ ಕಡಲತೀರಕ್ಕೆ ಹೊರಡುತ್ತಿತ್ತು. ಮಕ್ಕಳಿಗೆ ಹಸಿ ಮರಳು, ಉಪ್ಪುನೀರು ಕೊಡುವುದು ಸುಲಭ, ನೀವೂ ಯೋಚಿಸಿರುತ್ತೀರಿ. ಆದರೆ ಆ ರಜೆಗೆ ಸಂಬಳ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ವರ್ಷವಿಡೀ ವಾರಕ್ಕಿಷ್ಟು ಎಂದು ಉಳಿತಾಯದ ಕ್ಲಬ್ಬಿನಲ್ಲಿ ಕಟ್ಟಿದ ದುಡ್ಡಿನಲ್ಲಿ ಅವರು ಹೋಗುತ್ತಿದ್ದರು. ಪಾಠಕ್ಕೆ ಕೆಲವು ವಾರ ಮುಂಚೆಯೇ ತರಗತಿಯಲ್ಲಿ ಒಂದು ಡಬ್ಬಿ ಇಡಿ. ದಿನವೂ ಪ್ರತಿ ಮಗು ಒಂದು ಗುಂಡಿಯನ್ನೋ ಕಾಳನ್ನೋ ಹಾಕಲಿ, ಆ ಟಣ್ ಸದ್ದು ಕೇಳಲಿ. ಮರಳಿನ ಮೇಜಿಗೆ ಪ್ರವೇಶ ಆ ಡಬ್ಬಿ ಒಡೆದ ದಿನವೇ.

ಭಾನುವಾರವೂ ಒಂದು ಪಾಠ. ವಾರದಲ್ಲಿ ಪೂರ್ತಿ ಖಾಲಿ ಇದ್ದ ದಿನ ಅದೊಂದೇ. ಆದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಭಾನುವಾರ ಬಾಗಿಲು ತೆರೆದದ್ದು 1896ರಲ್ಲಿ. ಅಲ್ಲಿಯವರೆಗೆ ಆರು ದಿನ ದುಡಿಯುವವನು ಅದನ್ನು ನೋಡುವುದು ಯಾವಾಗ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಿ, ಸಾಕು.

ಕೊನೆಯದಾಗಿ ನಿಮ್ಮ ಊರಿನ ವಿಷಯ. ‘ಧಾರವಾಡ ಕಡೆಯವಳು’ ಎಂದು ನೀವು ಸುಮ್ನೆ ಬರೆದಿರಬಹುದು. ನನಗೆ ಅದೇ ಪತ್ರದ ಮುಖ್ಯ ಸಾಲು ಅನ್ನಿಸಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಬರುವುದು ನಿಂತು ಲ್ಯಾಂಕಷೈರ್‌ನ ಗಿರಣಿಗಳು ಮುಚ್ಚತೊಡಗಿದವು. ಆಗ ಅಲ್ಲಿಯವರು ಕಣ್ಣು ಹಾಕಿದ್ದು ಪಶ್ಚಿಮ ಭಾರತದ ಹತ್ತಿಯ ಮೇಲೆ. ಅದರಲ್ಲಿ ಧಾರವಾಡ ಸೀಮೆಯದೂ ಇತ್ತು. ಅಮೆರಿಕದ ಬೀಜ ತಂದು ಬೆಳೆಸುವ ಪ್ರಯತ್ನ ಅಲ್ಲಿ 1840ರ ದಶಕದಲ್ಲೇ ನಡೆದಿತ್ತು. ಭಾರತದ ಹತ್ತಿಗೆ ಗಿರಣಿಯವರು ‘ಸೂರತ್’ ಎನ್ನುತ್ತಿದ್ದರು. ಅದರ ಎಳೆ ಗಿಡ್ಡ, ಕಸ ಜಾಸ್ತಿ, ನೂಲು ಪದೇ ಪದೇ ಹರಿಯುತ್ತಿತ್ತು. ನೇಯ್ದಷ್ಟಕ್ಕೆ ಮಾತ್ರ ಕೂಲಿ ಸಿಗುತ್ತಿದ್ದ ನೇಕಾರರಿಗೆ ಅದೆಂದರೆ ಸಿಟ್ಟು. ಗಿಡ್ಡ ಎಳೆಯ ಹತ್ತಿ, ಉದ್ದ ಎಳೆಯ ಹತ್ತಿ, ಎರಡನ್ನೂ ಒಂದೊಂದು ಹಿಡಿ ತಂದು ಮಕ್ಕಳ ಕೈಲಿ ಎಳೆದು ಹೊಸೆಸಿ. ಎಳೆ ತುಂಡಾದಾಗಲೆಲ್ಲ ಒಂದು ಪೆನ್ನಿ ಕಿತ್ತುಕೊಳ್ಳಿ. ಆ ಸಿಟ್ಟು ಅವರಿಗೂ ಬರುತ್ತದೆ.

ಕೆಲಸ ಹೋದವರಿಗೆ ಆಗ ಬೇಕಾದಷ್ಟು ಸಮಯ ಇತ್ತು. ಅದನ್ನು ಬಿಡುವು ಎನ್ನಬಹುದೇ? ಓಲ್ಡ್‌ಹ್ಯಾಮ್‌ನ ಅಲೆಕ್ಸಾಂಡ್ರಾ ಪಾರ್ಕ್ 1865ರಲ್ಲಿ ತೆರೆಯಿತು. ಅದನ್ನು ಅಗೆದು ಕಟ್ಟಿದವರು ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರು, ಪರಿಹಾರ ಕಾಮಗಾರಿಯಲ್ಲಿ. ಇಂದಿಗೂ ಜನ ಅಲ್ಲಿ ನಡೆದಾಡುತ್ತಾರೆ. ನಿಮ್ಮ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ, ಮಣ್ಣು ಮುಟ್ಟಿಸಿ, ಇದನ್ನು ಹೇಳಿ.

ನಿಮ್ಮ ಸಹೋದ್ಯೋಗಿಗೆ ಉತ್ತರ ಬೇಕಲ್ವಾ? ‘ನಿಮಗೆ ಯಾವ ಮೇಜು ಇಷ್ಟವಾಯಿತು’ ಎಂದು ಕೊನೆಗೆ ಕೇಳಬೇಡಿ. ಹೀಗೆ ಕೇಳಿ: ‘ಶನಿವಾರ ಗಂಟೆ ಎರಡು. ನಿನಗೆ ಹತ್ತು ವರ್ಷ. ಈಗಷ್ಟೇ ಗಿರಣಿಯಿಂದ ಹೊರಗೆ ಬಂದೆ. ಕೈಯಲ್ಲಿ ಮೂರು ಪೆನ್ನಿ. ಏನು ಮಾಡುತ್ತೀಯ? ಏನು ಮಾಡಲು ಆಗುವುದಿಲ್ಲ?’ ಅರ್ಧ ಪುಟ ಬರೆಯಲಿ. ಆ ಹಾಳೆಗಳನ್ನು ಸಹೋದ್ಯೋಗಿಯ ಮುಂದಿಡಿ. ಒಂದೆರಡನ್ನು ಕನ್ನಡಕ್ಕೆ ತಂದು ನಮಗೂ ಕಳಿಸಿ. ಮಕ್ಕಳ ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.

– ಸಂ.