ಥೈರಾಯ್ಡ್ ಗಂಟೋ, ಪ್ಯಾರಾಥೈರಾಯ್ಡೋ?

ಪ್ರಶ್ನೆ: ಡಾಕ್ಟರೇ, ನಮ್ಮಮ್ಮನಿಗೆ 58 ವರ್ಷ. ಎರಡು ಸಲ ಕಿಡ್ನಿ ಕಲ್ಲಾಗಿದೆ, ಯಾವಾಗಲೂ ಸುಸ್ತು, ಮೂಳೆ ನೋವು. ರಕ್ತದಲ್ಲಿ ಕ್ಯಾಲ್ಸಿಯಂ 11.4, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) 148 ಬಂದಿದೆ. ಥೈರಾಯ್ಡ್ ಟೆಸ್ಟ್ ನಾರ್ಮಲ್, ಆದರೆ ಅಲ್ಟ್ರಾಸೌಂಡ್‌ನಲ್ಲಿ ಥೈರಾಯ್ಡ್‌ನ ಬಲಗಡೆ 2 ಸೆಂ.ಮೀ. ಗಂಟಿದೆ. ಸೆಸ್ಟಮಿಬಿ ಸ್ಕ್ಯಾನ್‌ನಲ್ಲೂ ಬಲಗಡೆಯೇ ಚುಕ್ಕೆ ಕಂಡಿದೆ, ಅದು ಪ್ಯಾರಾಥೈರಾಯ್ಡೋ ಥೈರಾಯ್ಡ್ ಗಂಟೋ ಗೊತ್ತಾಗುತ್ತಿಲ್ಲ ಎಂದು ಬರೆದಿದ್ದಾರೆ. ಈಗ ಇನ್ನೊಂದು ಸ್ಕ್ಯಾನ್ ಹೇಳಿದ್ದಾರೆ. ಸುಮ್ನೆ ದುಡ್ಡು ಹೋಗ್ತಿದೆ ಅನಿಸುತ್ತೆ. ಇದು ಕ್ಯಾನ್ಸರಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ದುಡ್ಡು ಸುಮ್ನೆ ಹೋಗುತ್ತಿಲ್ಲ. ನಿಮ್ಮ ತಾಯಿಯ ವಿಷಯದಲ್ಲಿ ಈ ಗೊಂದಲ ಬಿಡಿಸಿಕೊಂಡೇ ಆಪರೇಷನ್‌ಗೆ ಹೋಗಬೇಕು.

ಹೆಸರು ಹತ್ತಿರ ಇದ್ದರೂ ಇವೆರಡೂ ಬೇರೆ ಬೇರೆ. ಥೈರಾಯ್ಡ್‌ನ ಹಿಂಭಾಗಕ್ಕೆ ಅಂಟಿಕೊಂಡ ಹಾಗೆ ಅಕ್ಕಿ ಕಾಳಿನಷ್ಟು ಚಿಕ್ಕ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಅವೇ ಪ್ಯಾರಾಥೈರಾಯ್ಡ್. ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳೋದು ಅವುಗಳ ಕೆಲಸ. ಒಂದು ಗ್ರಂಥಿ ಊದಿಕೊಂಡು ಹಿಡಿತ ತಪ್ಪಿದರೆ ಪಿಟಿಎಚ್ ಜಾಸ್ತಿಯಾಗಿ, ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತದೆ, ಅದು ಕಿಡ್ನಿಯಲ್ಲಿ ಕಲ್ಲಾಗುತ್ತದೆ.

ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳೋದು ರಕ್ತ, ಸ್ಕ್ಯಾನ್ ಅಲ್ಲ. ಕ್ಯಾಲ್ಸಿಯಂ 11.4 ಇರುವಾಗ ಪಿಟಿಎಚ್ ತಗ್ಗಿ ಕೂರಬೇಕಿತ್ತು, 148 ಇದೆ ಅಲ್ವಾ, ಅಲ್ಲೇ ವಿಷಯ ಇದೆ. ವಿಟಮಿನ್ ಡಿ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, 24 ಗಂಟೆಯ ಮೂತ್ರದ ಕ್ಯಾಲ್ಸಿಯಂ ಆಗಿಲ್ಲದಿದ್ದರೆ ಮಾಡಿಸಿ. ಮಾನಸಿಕ ಕಾಯಿಲೆಗೆ ಲಿಥಿಯಂ ಅಥವಾ ಬಿಪಿಗೆ ಥಯಜೈಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಸ್ಕ್ಯಾನ್ ಮಾಡೋದು ಕೆಟ್ಟ ಗ್ರಂಥಿ ಎಲ್ಲಿದೆ ಎಂದು ಸರ್ಜನ್‌ಗೆ ತೋರಿಸೋಕೆ.

ಹಾಗಾದರೆ ಸ್ಕ್ಯಾನ್ ಎಡವಿದ್ದೆಲ್ಲಿ? ಸೆಸ್ಟಮಿಬಿ ಇಂಜೆಕ್ಷನ್ ಕೊಟ್ಟ 10-15 ನಿಮಿಷಕ್ಕೆ ಒಂದು ಚಿತ್ರ, ಸುಮಾರು 2 ಗಂಟೆ ಬಿಟ್ಟು ಇನ್ನೊಂದು ಚಿತ್ರ ತೆಗೆಯುತ್ತಾರೆ. ಔಷಧಿ ಮೊದಲು ಥೈರಾಯ್ಡ್, ಪ್ಯಾರಾಥೈರಾಯ್ಡ್ ಎರಡಕ್ಕೂ ಸೇರುತ್ತದೆ, ಥೈರಾಯ್ಡ್‌ನಿಂದ ಬೇಗ ಇಳಿದುಹೋಗುತ್ತದೆ, ಊದಿಕೊಂಡ ಪ್ಯಾರಾಥೈರಾಯ್ಡ್‌ನಲ್ಲಿ ಉಳಿಯುತ್ತದೆ. ಕೊನೆಗೆ ಉಳಿದ ಚುಕ್ಕೆಯೇ ಕಳ್ಳ ಅನ್ನೋದು ಲೆಕ್ಕ. ಆದರೆ ಕೆಲವು ಥೈರಾಯ್ಡ್ ಗಂಟುಗಳೂ ಔಷಧಿಯನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ! ಆಗ ಗಂಟೇ ಪ್ಯಾರಾಥೈರಾಯ್ಡ್ ಥರ ಕಾಣುತ್ತದೆ, ನಿಜವಾದ ಪ್ಯಾರಾಥೈರಾಯ್ಡ್ ಅದರ ಹಿಂದೆ ಮರೆಯಾಗಿರಲೂಬಹುದು.

ಅದಕ್ಕೇ ಎರಡನೇ ದಾರಿ ಬೇಕು. ಸ್ಪೆಕ್ಟ್-ಸಿಟಿ, ಅಂದರೆ ಇದೇ ಸೆಸ್ಟಮಿಬಿ ಸ್ಕ್ಯಾನನ್ನು ಎಲ್ಲ ಕೋನದಿಂದ ತೆಗೆದು ಸಿಟಿ ಚಿತ್ರದ ಮೇಲೆ ಕೂರಿಸೋದು, ಮಾಡಿದರೆ ಚುಕ್ಕೆ ಥೈರಾಯ್ಡ್ ಒಳಗೋ ಹಿಂದೆಯೋ ತಿಳಿಯುತ್ತದೆ. ಥೈರಾಯ್ಡ್‌ಗೆ ಮಾತ್ರ ಹೋಗುವ ಬೇರೆ ಔಷಧಿ ಕೊಟ್ಟು ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುವ ವಿಧಾನವೂ ಇದೆ. ಔಷಧಿ ಗ್ರಂಥಿಗೆ ಸೇರಿ ಇಳಿಯೋದನ್ನು ಹಂತ ಹಂತವಾಗಿ ತೋರಿಸುವ 4ಡಿ ಸಿಟಿಯೂ ಆಗುತ್ತದೆ, ಆದರೆ ಅದಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕು, ಕಿಡ್ನಿ ಸರಿ ಇದೆಯಾ ನೋಡಿಕೊಂಡೇ ಮಾಡಬೇಕು. ಇದೆಲ್ಲಕ್ಕೂ ಮೊದಲು ನಾನು ಕೇಳೋದು, ಕ್ಯಾಲ್ಸಿಯಂ-ಪಿಟಿಎಚ್ ರಿಪೋರ್ಟ್ ಕೈಗೆ ಕೊಟ್ಟು ಅನುಭವಿ ರೇಡಿಯಾಲಜಿಸ್ಟ್ ಹತ್ತಿರ ಅಲ್ಟ್ರಾಸೌಂಡ್ ಇನ್ನೊಮ್ಮೆ ಮಾಡಿಸಿ. ಹುಡುಕಬೇಕು ಎಂದು ಗೊತ್ತಿದ್ದವರಿಗೆ ಥೈರಾಯ್ಡ್ ಹಿಂದೆ, ಅದರ ಪೊರೆಯ ಆಚೆ, ಒಂದು ತುದಿಯಿಂದ ರಕ್ತನಾಳ ಒಳಹೊಕ್ಕ ಕಪ್ಪು ಗಂಟು ಕಣ್ಣಿಗೆ ಬೀಳಬಹುದು.

ಥೈರಾಯ್ಡ್ ಗಂಟನ್ನು ಪಕ್ಕಕ್ಕಿಡಬೇಡಿ. ಅಲ್ಟ್ರಾಸೌಂಡ್ ಲಕ್ಷಣ ನೋಡಿ ಸೂಜಿ ಪರೀಕ್ಷೆ ಬೇಕೋ ಎಂದು ಡಾಕ್ಟರು ಹೇಳುತ್ತಾರೆ. ಅದನ್ನು ಆಪರೇಷನ್‌ಗೆ ಮೊದಲೇ ಮುಗಿಸಬೇಕು, ಯಾಕೆಂದರೆ ಗಂಟನ್ನೂ ತೆಗೆಯಬೇಕಾದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಸೂಜಿ ಹಾಕುವಾಗ ಕ್ಯಾಲ್ಸಿಯಂ ವಿಷಯ ತಿಳಿಸಿ. ಪ್ಯಾರಾಥೈರಾಯ್ಡ್ ಕಣಗಳು ಸೂಕ್ಷ್ಮದರ್ಶಕದಲ್ಲಿ ಥೈರಾಯ್ಡ್ ಕಣಗಳಂತೆಯೇ ಕಂಡು ಮೋಸ ಮಾಡಬಹುದು, ಅನುಮಾನ ಬಂದರೆ ಸೂಜಿ ತೊಳೆದ ನೀರಿನಲ್ಲೂ ಪಿಟಿಎಚ್ ನೋಡುತ್ತಾರೆ.

ಕ್ಯಾನ್ಸರ್ ಭಯ ನನಗೆ ಅರ್ಥವಾಗುತ್ತದೆ. ಈ ಕಾಯಿಲೆ ಇರುವ ನೂರು ಜನರಲ್ಲಿ ಪ್ಯಾರಾಥೈರಾಯ್ಡ್ ಕ್ಯಾನ್ಸರ್ ಒಬ್ಬರಿಗಿಂತಲೂ ಕಡಿಮೆ, 80-85 ಜನರಲ್ಲಿ ಒಂದೇ ಗ್ರಂಥಿಯಲ್ಲಿ ಕ್ಯಾನ್ಸರ್ ಅಲ್ಲದ ಗಂಟು ಇರುತ್ತದೆ. ಥೈರಾಯ್ಡ್ ಗಂಟುಗಳಲ್ಲೂ ಬಹುಪಾಲು ಕ್ಯಾನ್ಸರ್ ಅಲ್ಲ.

ಅಲ್ಲಿಯವರೆಗೆ ಅಮ್ಮನಿಗೆ ನೀರು ಚೆನ್ನಾಗಿ ಕುಡಿಸಿ, ಹಾಲು ಮೊಸರು ನಿಲ್ಲಿಸಬೇಡಿ. ಕೂದಲಿಗೆ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಪಿಟಿಎಚ್ ಪರೀಕ್ಷೆಗೆ ಮೊದಲು ಡಾಕ್ಟರಿಗೆ ತಿಳಿಸಿ. ವಾಂತಿ, ಮಂಪರು, ಮಾತು ತೊದಲುವುದು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸರ್ಜನ್ ಹತ್ತಿರ ಹೋಗುವಾಗ ರಿಪೋರ್ಟ್ ಜೊತೆಗೆ ಸ್ಕ್ಯಾನ್‌ನ ಸಿಡಿಯನ್ನೂ ತಗೊಂಡು ಹೋಗಿ, ಅವರು ಚಿತ್ರಗಳನ್ನು ತಾವೇ ನೋಡಬೇಕು.